ಆಂಡ್ರಾಯ್ಡ್ 6, 7ಕ್ಕೆ ಬೆಂಬಲ ಯಾವಾಗ ನಿಲ್ಲಿಸೋದು?

ಪ್ರಶ್ನೆ: ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಅಂಗಡಿಗಳಿಗೆ ಮಾಡಿದ ಬಿಲ್ಲಿಂಗ್ ಆ್ಯಪ್. ಮಿನ್ ಎಸ್‌ಡಿಕೆ (ಆ್ಯಪ್ ಓಡೋಕೆ ಬೇಕಾದ ಕನಿಷ್ಠ ಆಂಡ್ರಾಯ್ಡ್ ಮಟ್ಟ) 23, ಅಂದರೆ ಆಂಡ್ರಾಯ್ಡ್ 6 ಇದೆ, ಜಾವಾ ಟೈಮ್ (ದಿನಾಂಕ-ಸಮಯದ ಲೈಬ್ರರಿ) ಬಳಸೋಕೆ 26ಕ್ಕೆ, ಅಂದರೆ ಆಂಡ್ರಾಯ್ಡ್ 8ಕ್ಕೆ ಏರಿಸಬೇಕು ಅಂತಿದ್ದೇವೆ. ಹಳೇ ಸಾಧನಗಳು ಶೇಕಡಾ ಎಷ್ಟಕ್ಕಿಳಿದರೆ ಕೈಬಿಡಬಹುದು?

ಉತ್ತರ 1: ಬರೀ ಶೇಕಡಾವಾರು ನಂಬಬೇಡಿ. ಸರ್ವರ್ ಲಾಗ್‌ನಲ್ಲಿ ಎಪಿಐ ಲೆವೆಲ್ (ಸಾಧನದ ಆಂಡ್ರಾಯ್ಡ್ ಮಟ್ಟದ ಸಂಖ್ಯೆ) ದಾಖಲಿಸಿ, ಕಳೆದ 30 ದಿನದಲ್ಲಿ ಬಿಲ್ ಹಾಕಿದ ಸಾಧನಗಳನ್ನು ಅಂಗಡಿವಾರು ಎಣಿಸಿ. ಇರೋ ಒಂದೇ ಟ್ಯಾಬ್ ಹಳೆಯದಾಗಿದ್ದರೆ ಆ ಅಂಗಡಿಯ ವ್ಯಾಪಾರವೇ ನಿಲ್ಲುತ್ತೆ.

ಉತ್ತರ 2: ಜಾವಾ ಟೈಮ್‌ಗೋಸ್ಕರ 26 ಬೇಕಿಲ್ಲ, ಡಿಶುಗರಿಂಗ್ (ಹೊಸ ಜಾವಾ ಸೌಲಭ್ಯವನ್ನು ಹಳೇ ಆಂಡ್ರಾಯ್ಡ್‌ಗೆ ಒಗ್ಗಿಸೋ ಬಿಲ್ಡ್ ಹಂತ) ಹಾಕಿದರೆ 23ರಲ್ಲೂ ಓಡುತ್ತೆ. ನಿಮ್ಮ ಸರ್ವರ್ ಲೆಟ್ಸ್ ಎನ್‌ಕ್ರಿಪ್ಟ್ (ಉಚಿತ ಸರ್ಟಿಫಿಕೇಟ್ ಕೊಡೋ ಸೇವೆ) ಬಳಸ್ತಿದ್ದರೆ ನಿಜವಾದ ತೊಡಕು ಸರ್ಟಿಫಿಕೇಟ್‌ದು, ಅಂದರೆ ಸರ್ವರ್‌ನ ಗುರುತಿನ ಪತ್ರದ್ದು. 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಐಎಸ್‌ಆರ್‌ಜಿ ರೂಟ್ ಎಕ್ಸ್1 (ನಂಬಿಕೆಗೆ ಆಧಾರವಾದ ಮೂಲ ಸರ್ಟಿಫಿಕೇಟ್) ಇಲ್ಲ. ಆಸರೆಯಾಗಿದ್ದ ಕ್ರಾಸ್-ಸೈನ್ (ಹಳೇ ಸಾಧನ ನಂಬೋ ಬೇರೊಂದು ರೂಟ್‌ನ ಸಹಿ) 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಸುರಕ್ಷಿತ ಸಂಪರ್ಕ ಶುರುವಾಗೋ ಹ್ಯಾಂಡ್‌ಶೇಕ್‌ನಲ್ಲೇ ಸೋತು, ಅಂಗಡಿಯವರಿಗೆ ‘ನೆಟ್‌ವರ್ಕ್ ಇಲ್ಲ’ ಅಂತಷ್ಟೇ ಕಾಣುತ್ತೆ. ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್‌ನಲ್ಲಿ (ಆ್ಯಪ್ ಯಾವ ಸರ್ಟಿಫಿಕೇಟ್ ನಂಬಬೇಕು ಅಂತ ಹೇಳೋ ಫೈಲ್) ಆ ರೂಟ್ ಸೇರಿಸಬಹುದು, ಆದರೆ ಅದು ಕೆಲಸ ಮಾಡೋದು 24ರಿಂದ ಮೇಲೆ. 23ಕ್ಕೆ ಸರ್ಟಿಫಿಕೇಟ್ ಪರೀಕ್ಷಿಸೋ ಟ್ರಸ್ಟ್ ಮ್ಯಾನೇಜರ್ ಕೋಡನ್ನೇ ಬರೀಬೇಕು. ನನ್ನ ಮಟ್ಟಿಗೆ ಈಗ 24ಕ್ಕೆ ಏರಿಸೋದು ಸರಿ.

ಉತ್ತರ 3: ಏರಿಸಿದ ಮೇಲೂ ಹಳೇ ಆ್ಯಪ್ ಟ್ಯಾಬ್‌ನಲ್ಲೇ ಉಳಿಯುತ್ತೆ, ಅಪ್‌ಡೇಟ್ ಮಾತ್ರ ಬರಲ್ಲ. ತೆರಿಗೆ ದರ ಆ್ಯಪ್ ಒಳಗೇ ಬರೆದಿದ್ದರೆ ಮೊದಲು ಸರ್ವರ್‌ಗೆ ಸರಿಸಿ. 2025ರ ಸೆಪ್ಟೆಂಬರ್ 22ರ ಹಾಗೆ ಜಿಎಸ್‌ಟಿ ಮತ್ತೆ ಬದಲಾದರೆ ಆ ಟ್ಯಾಬ್ ತಪ್ಪು ಬಿಲ್ ಹೊಡೆಯುತ್ತೆ. ದೀಪಾವಳಿ ವ್ಯಾಪಾರ, ಮಾರ್ಚ್ ಕೊನೆ, ಎರಡನ್ನೂ ಬಿಟ್ಟು ದಿನ ಗೊತ್ತುಮಾಡಿ.