ಪದಚರ್ಚೆ: ಮಗು ‘ನೀಲಿ’ ಆಗುತ್ತದೆಯೋ, ‘ಕಪ್ಪು’ ಆಗುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಹುಟ್ಟುವಾಗಲೇ ಹೃದಯದ ತೊಂದರೆ ಇರುವ ಮಕ್ಕಳನ್ನು ವೀಡಿಯೊದಲ್ಲಿ ನೋಡುವಾಗ ಕೇಳುವ ಪ್ರಶ್ನೆಗಳ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈ ಕಡೆ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್, ತಾಯಿ, ಮಗು. ಆ ಕಡೆ ಪರದೆಯಲ್ಲಿ ಹೃದಯದ ಡಾಕ್ಟರು. ಎರಡೇ ಪುಟ, ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ವಾರವಾಯಿತು. ದೊಡ್ಡ ಪದಗಳು ಅಷ್ಟೇನೂ ಕಾಡಲಿಲ್ಲ, ಸಣ್ಣವೇ ಕೈ ಕಟ್ಟಿಹಾಕಿವೆ.

‘ಟೆಲಿಮೆಡಿಸಿನ್’ಗೆ ದೂರವೈದ್ಯ, ದೂರಚಿಕಿತ್ಸೆ ಅಂತೆಲ್ಲ ಪದಗಳಿವೆ. ನನಗೇನೋ ಅದನ್ನು ಹಾಗೇ ಬಿಡೋಣ ಅನಿಸುತ್ತದೆ. ಇಸ್ರೊದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಎರಡನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿ ಇಪ್ಪತ್ತು ವರ್ಷದ ಮೇಲಾಯಿತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೂ ತಂದಿತು. ಇಷ್ಟು ದಿನ ಬಳಸಿದ ಜನ ಸುಮ್ನೆ ‘ವೀಡಿಯೊದಲ್ಲಿ ತೋರಿಸೋದು’ ಅನ್ನುತ್ತಾರೆ. ‘ಡಾಕ್ಟರಿಗೆ ತೋರಿಸು’ ಮೊದಲೇ ಇತ್ತಲ್ಲ, ಅದಕ್ಕೇ ವೀಡಿಯೊ ಬಂದು ಸೇರಿಕೊಂಡಿದೆ. ಇದಕ್ಕಿಂತ ಒಳ್ಳೆಯ ಪದ ನನಗಂತೂ ಹೊಳೆಯಲಿಲ್ಲ.

ಈಗ ಅಸಲು ಪ್ರಶ್ನೆ. ಹಾಳೆಯಲ್ಲಿ ‘ಮಗು ಅತ್ತಾಗ ನೀಲಿಯಾಗುತ್ತದೆಯೇ?’ ಎಂದು ಬರೆದಿದ್ದೆ. ಕಳೆದ ತಿಂಗಳು, ಮನೆಯವರನ್ನು ಕೇಳಿಕೊಂಡು, ಅಂಥದೊಂದು ಕರೆಯಲ್ಲಿ ಮೂಲೆಯಲ್ಲಿ ಕೂತಿದ್ದೆ. ನರ್ಸ್ ಹಾಳೆಯಲ್ಲಿದ್ದ ಹಾಗೇ ಓದಿದರು. ತಾಯಿ ‘ಇಲ್ಲ’ ಅಂದರು. ನರ್ಸ್ ಟಿಕ್ ಹಾಕಿದರು. ಪರದೆಯ ಆ ಕಡೆ ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು, ‘ಅಳುವಾಗ ತುಟಿ, ಉಗುರು ಕಪ್ಪಾಗುತ್ತಾ ಅಮ್ಮ?’ ಅಂತ ಕೇಳಿದರು. ‘ಹೂಂ ಸಾರ್, ಕಪ್ಪಗಾಗಿಬಿಡುತ್ತೆ, ನೇರಳೆ ಹಣ್ಣು ತಿಂದಂಗೆ’ ಅಂದರು ತಾಯಿ. ನರ್ಸ್ ಹಾಕಿದ ಟಿಕ್ ಹೊಡೆದು ಹಾಕಿದರು. ನನಗೆ ನೆಲ ಕುಸಿದ ಹಾಗಾಯಿತು. ಆ ‘ನೀಲಿ’ ನಾನೇ ಬರೆದದ್ದು.

ಆಮ್ಲಜನಕ ಕಡಿಮೆಯಾದ ರಕ್ತದ ಬಣ್ಣ ನಮ್ಮ ಮೈಬಣ್ಣದ ಮಕ್ಕಳಲ್ಲಿ ಆಕಾಶದ ನೀಲಿಯಾಗಿ ಕಾಣುವುದೇ ಇಲ್ಲ. ನಮಗೆ ನೀಲಿ ಅಂದರೆ ಶಾಲೆಯ ಯೂನಿಫಾರಂ, ಶಾಯಿ, ಬಟ್ಟೆಗೆ ಹಾಕುವ ನೀಲಿ. ಕ್ಯಾಲೆಂಡರ್‌ನಲ್ಲಿ ನೀಲಿ ಬಳಿದರೂ ಕೃಷ್ಣನನ್ನು ಕರಿಯ ಅಂತಲೇ ಕರೆಯುತ್ತೇವೆ, ಅಲ್ವಾ? ಹಾಗಂತ ‘ಕಪ್ಪಾಗುತ್ತಾ’ ಎಂದಷ್ಟೇ ಕೇಳಿದರೆ ಬಿಸಿಲಿಗೆ ಕಪ್ಪಾಗಿದೆ ಅನ್ನುವವರೂ ಇದ್ದಾರೆ. ‘ನೀಲಿಗಟ್ಟು’ ಎಂದರೆ ಏಟು ಬಿದ್ದು ಕಂದಿದ್ದು ನೆನಪಾಗುತ್ತದೆ. ಕ್ಯಾಮೆರಾವನ್ನೂ ನಂಬುವ ಹಾಗಿಲ್ಲ, ಟ್ಯೂಬ್‌ಲೈಟ್ ಕೆಳಗೆ ಎಲ್ಲ ಮಕ್ಕಳೂ ಒಂದೇ ಥರ. ಮಗುವಿಗೆ ರಕ್ತವೇ ಕಮ್ಮಿ ಇದ್ದರೆ ಆಮ್ಲಜನಕ ಇಳಿದರೂ ಬಣ್ಣ ಎದ್ದು ಕಾಣುವುದಿಲ್ಲವಂತೆ. ಪಾದಕ್ಕೆ ಹಾಕುವ ಆಕ್ಸಿಮೀಟರ್ ಅಂಕಿ ಕೊಡುತ್ತದೆ, ನಿಜ. ಆದರೆ ಅದು ಆ ಹೊತ್ತಿನ ಅಂಕಿ. ನಿನ್ನೆ ರಾತ್ರಿ ಅತ್ತಾಗ ಏನಾಯಿತು ಅನ್ನುವುದಕ್ಕೆ ತಾಯಿಯ ಮಾತೇ ಗತಿ.

ಉಳಿದ ಪ್ರಶ್ನೆಗಳನ್ನೂ ಹೀಗೇ ತಿದ್ದಿದೆ. ‘ಸ್ತನ್ಯಪಾನದ ವೇಳೆ ಬಳಲಿಕೆ’ ಹೋಗಿ ‘ಹಾಲು ಬಿಟ್ಟು ಬಿಟ್ಟು ಕುಡಿಯುತ್ತಾ? ಕುಡಿಯುವಾಗ ಹಣೆ ಬೆವರುತ್ತಾ?’ ಬಂತು. ಫ್ಯಾಲಟ್ ಅಂತ ಹೃದಯದಲ್ಲಿ ಹುಟ್ಟಿನಿಂದಲೇ ನಾಲ್ಕು ಏರುಪೇರು ಒಟ್ಟಿಗೆ ಇರುವ ತೊಂದರೆಯೊಂದಿದೆ. ಅದಿರುವ ಸ್ವಲ್ಪ ದೊಡ್ಡ ಮಕ್ಕಳು ಓಡಿ ಸುಸ್ತಾದಾಗ ಮಂಡಿ ಮಡಚಿ ಕೂತುಬಿಡುತ್ತಾರೆ. ಅದಕ್ಕೆ ‘ಕುಕ್ಕರಗಾಲಲ್ಲಿ ಕೂರುತ್ತಾನಾ?’ ಎಂದಿದ್ದೇನೆ. ಎಲ್ಲ ಕಡೆ ಅರ್ಥವಾಗುತ್ತದೆಯೇ?

ಕಾಯಿಲೆಯ ಹೆಸರಿನದು ಇನ್ನೊಂದು ಜಗಳ. ‘ಜನ್ಮಜಾತ ಹೃದಯ ದೋಷ’ ಅಂತ ಎಲ್ಲೆಡೆ ಇದೆ. ದೋಷ ಅಂದ ಕೂಡಲೇ ‘ಯಾವ ದೋಷ, ಶಾಂತಿ ಮಾಡಿಸಬೇಕಾ?’ ಅನ್ನುತ್ತಾರೆ. ಗ್ರಹದೋಷ, ಸರ್ಪದೋಷ ಅಂತ ಕೇಳಿ ಬೆಳೆದ ಕಿವಿ ಅದು. ಜೊತೆಗೆ ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಅಂತ ತಾಯಿಯ ತಲೆಗೇ ಕಟ್ಟುತ್ತಾರೆ. ‘ಹಾರ್ಟಲ್ಲಿ ತೂತು’ ಎಲ್ಲರಿಗೂ ಗೊತ್ತು, ಆದರೆ ಎಲ್ಲವೂ ತೂತಲ್ಲ. ಫ್ಯಾಲಟ್‌ನಲ್ಲಿ ತೂತಿನ ಜೊತೆ ಇನ್ನೂ ಮೂರು ಏರುಪೇರು ಸೇರಿರುತ್ತವೆ. ಸದ್ಯಕ್ಕೆ ‘ಹುಟ್ಟಿನಿಂದ ಇರುವ ಹೃದಯದ ತೊಂದರೆ’ ಅಂತ ಇಟ್ಟಿದ್ದೇನೆ. ಉದ್ದವಾಯಿತು, ಗೊತ್ತು.

ಕೊನೆಯದು ‘ಕೇರ್ ಕೋಆರ್ಡಿನೇಷನ್’. ತೂಕ, ಲಸಿಕೆ ಊರಿನ ಆರೋಗ್ಯ ಕೇಂದ್ರದಲ್ಲಿ, ಔಷಧಿಯ ಪ್ರಮಾಣ ತಾಲ್ಲೂಕಿನ ಮಕ್ಕಳ ಡಾಕ್ಟರಿಂದ, ಆಪರೇಷನ್ ಯಾವಾಗ ಅನ್ನುವುದು ಬೆಂಗಳೂರಿನವರಿಂದ. ಇದನ್ನೆಲ್ಲ ಒಂದಕ್ಕೊಂದು ಹೊಂದಿಸುವ ಕೆಲಸ. ಒಂದು ಆ್ಯಪ್‌ನಲ್ಲಿ ‘ಆರೈಕೆ ಸಮನ್ವಯ’ ಎಂದಿದೆ. (ಅದೇ ಆ್ಯಪ್ ‘ಡಿಸ್ಚಾರ್ಜ್ ಸಮ್ಮರಿ’ಯನ್ನು ‘ವಿಸರ್ಜನೆ ಸಾರಾಂಶ’ ಮಾಡಿದೆ. ಓದಿ ನಕ್ಕವರಲ್ಲಿ ನರ್ಸೂ ಒಬ್ಬರು.) ‘ಆರೈಕೆ’ ಮಾತ್ರ ನನಗೆ ಇಷ್ಟ. ಅದರ ಬೇರಾದ ಹಳಗನ್ನಡದ ‘ಆರಯ್’ಗೆ ಸಲಹು ಅನ್ನುವ ಅರ್ಥದ ಜೊತೆ ಹುಡುಕಿ ನೋಡು, ವಿಚಾರಿಸು ಅನ್ನುವ ಅರ್ಥವೂ ಇದೆ. ತಮಿಳಿನ ‘ಆರಾಯ್’ ಈಗಲೂ ಶೋಧಿಸುವುದೇ. ಆದರೆ ಇವತ್ತಿನ ಕಿವಿಗೆ ಆರೈಕೆ ಎಂದರೆ ಬಾಣಂತಿಗೆ ಎಣ್ಣೆ ನೀರು, ಅಷ್ಟೇ. ‘ಕೂಡಿ ನೋಡಿಕೊಳ್ಳುವುದು’ ಹೇಗಿದೆ? ಆ ಕೆಲಸ ಮಾಡುವವರನ್ನು ‘ಸಂಯೋಜಕಿ’ ಎಂದು ಬರೆದಿದ್ದೆ. ತಾಯಂದಿರು ಕರೆಯುವುದು ‘ಫೋನ್ ಮಾಡೋ ಮೇಡಂ’ ಅಂತ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಹೇಳಿ. ಮಗು ಅತ್ತು ಅತ್ತು ತುಟಿಯ ಬಣ್ಣ ತಿರುಗಿದರೆ ನಿಮ್ಮ ಮನೆಯಲ್ಲಿ ಅಜ್ಜಿ ಏನನ್ನುತ್ತಿದ್ದರು? ನಿಘಂಟಿನ ಪದ ಬೇಡ, ಬಾಯಲ್ಲಿ ಬಂದದ್ದೇ ಬೇಕು. ಎರಡು ಮೂರು ಪದ ಸಿಕ್ಕರೆ ಪ್ರಶ್ನೆಯ ಪಕ್ಕದಲ್ಲೇ ಎಲ್ಲವನ್ನೂ ಹಾಕುತ್ತೇನೆ, ನರ್ಸ್ ಊರಿಗೆ ತಕ್ಕಂತೆ ಕೇಳಿಕೊಳ್ಳಲಿ. ಸೋಮವಾರ ಹಾಳೆ ಅಚ್ಚಿಗೆ ಹೋಗುತ್ತದೆ. ‘ದೋಷ’ವನ್ನು ಮಾತ್ರ ಈಗಾಗಲೇ ಹೊಡೆದು ಹಾಕಿದ್ದೇನೆ, ಅದರ ಪರ ಯಾರಾದರೂ ವಾದಿಸುವುದಿದ್ದರೆ ಭಾನುವಾರದೊಳಗೆ ಬರೆಯಿರಿ.