ಶಾಲೆಗೊಂದು ರಂಗಮಂದಿರ: ಕಟ್ಟಿದವರು, ಬಳಸಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಶಾಲೆ, 500 ಮಕ್ಕಳಿದ್ದಾರೆ. ಹಳೆ ವಿದ್ಯಾರ್ಥಿಗಳು ಸೇರಿ ನಾಟಕ, ಸಂಗೀತ, ಯಕ್ಷಗಾನಕ್ಕೆ ಒಂದು ಕಟ್ಟಡ ಮಾಡಿಕೊಡುತ್ತೇವೆ ಅಂತಿದ್ದಾರೆ. ಇಂಜಿನಿಯರ್ ಕೊಟ್ಟ ಪ್ಲಾನ್‌ನಲ್ಲಿ 800 ಕುರ್ಚಿಯ ಹಾಲ್, ಮೇಲೆ ಶೀಟ್ ಇದೆ. ಒಪ್ಪುವ ಮೊದಲು ಏನೇನು ನೋಡಬೇಕು?

ನಾಟಕದ ಮೇಷ್ಟ್ರು, ಸಾಗರ:
ದಯವಿಟ್ಟು 800 ಕುರ್ಚಿ ಬೇಡ ಸರ್. ಅಷ್ಟು ಜನ ಸೇರುವುದು ವಾರ್ಷಿಕೋತ್ಸವಕ್ಕೆ ಮಾತ್ರ. ಅದಕ್ಕೆ ಮೈದಾನ, ಶಾಮಿಯಾನ ಸಾಕು. ವರ್ಷವಿಡೀ ಅಲ್ಲಿ ನಡೆಯುವುದು ತಾಲೀಮು. ಕಟ್ಟಡ ಅದಕ್ಕೆ ಒದಗಬೇಕು. ಏಳನೇ ಕ್ಲಾಸಿನ ಹುಡುಗಿ ಮೈಕ್ ಇಲ್ಲದೆ ಆಡಿದ ಮಾತು ಕೊನೇ ಸಾಲಿಗೆ ಕೇಳಬೇಕು. ಅಷ್ಟು ದೂರಕ್ಕಿಂತ ಹಾಲ್ ಉದ್ದ ಆಗಬಾರದು. ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾಯಿತು. ಅಲ್ಲಿ ಸುಮಾರು 320 ಸೀಟು, ಪ್ರೇಕ್ಷಕರು ರಂಗದ ಮೂರು ಕಡೆ ಕೂರುತ್ತಾರೆ. ನಿಮಗೆ 250 ಧಾರಾಳ ಆಯಿತು.

ವೇದಿಕೆ ನಾಲ್ಕು ಅಡಿ ಎತ್ತರ ಮಾಡಿಸಬೇಡಿ. ನೆಲದಲ್ಲಿ ಕೂತ ಚಿಕ್ಕ ಮಕ್ಕಳಿಗೆ ನಟರ ಪಾದವೇ ಕಾಣುವುದಿಲ್ಲ, ಕುತ್ತಿಗೆ ನೋವು ಬೇರೆ. ಎರಡಡಿ ಇರಲಿ. ಪ್ರೇಕ್ಷಕರಿಗೆ ಕುರ್ಚಿ ಬದಲು ಅಗಲವಾದ ಮೆಟ್ಟಿಲು ಮಾಡಿ. ಸೈಡ್‌ವಿಂಗ್‌ಗೆ, ಅಂದರೆ ವೇದಿಕೆಯ ಎರಡೂ ಪಕ್ಕದ ಮರೆಗೆ, ಜಾಗ ಬಿಡಿ. ಎಷ್ಟೋ ಶಾಲೆಗಳಲ್ಲಿ ವೇದಿಕೆ ಗೋಡೆಯಿಂದ ಗೋಡೆಗೆ ಇರುತ್ತದೆ, ಮಕ್ಕಳು ಪ್ರವೇಶಕ್ಕೆ ನಿಲ್ಲಲು ಒಂದಡಿಯೂ ಸಿಗುವುದಿಲ್ಲ. ಎಡದಿಂದ ಬಲಕ್ಕೆ ಹೋಗಲು ಹಿಂದೊಂದು ಓಣಿಯೂ ಬೇಕು.

ಹೆಗ್ಗೋಡು ನಿಮಗೆ ದೂರವಿಲ್ಲ. ಅಲ್ಲಿನ ನಾಟಕ ಸಂಸ್ಥೆ ನೀನಾಸಂನ ಶಿವರಾಮ ಕಾರಂತ ರಂಗಮಂದಿರ 1972ರದ್ದು, ಹಳ್ಳಿಯಲ್ಲೇ ಕಟ್ಟಿದ್ದು. ಇಂಜಿನಿಯರ್ ಅವರನ್ನು ಕರೆದುಕೊಂಡು ಹೋಗಿ ಒಂದು ನಾಟಕ ನೋಡಿ ಬನ್ನಿ. ಹಿಂದಿನ ಸಾಲಲ್ಲೇ ಕೂರಿ.

ಸೌಂಡ್ ಕೆಲಸದವನು, ಮೈಸೂರು:
ಶೀಟ್ ವಿಷಯ ಯಾರೂ ಎತ್ತಲಿಲ್ಲ ಅಲ್ವಾ? ಜೂನ್‌ನಿಂದ ಮೂರು ತಿಂಗಳು ನಿಮ್ಮೂರ ಮಳೆಗೆ ಬರೀ ಶೀಟಿನ ಕೆಳಗೆ ಪಕ್ಕದವರ ಮಾತೂ ಕೇಳಿಸದು. ಸ್ಲ್ಯಾಬ್ ಹಾಕಿಸಿ. ದುಡ್ಡು ಸಾಲದಿದ್ದರೆ ಶೀಟಿನ ಕೆಳಗೆ ದಪ್ಪ ರಾಕ್‌ವೂಲ್ (ಕಲ್ಲಿನ ನಾರಿನ ಉಣ್ಣೆ) ಪದರ, ಅದರ ಕೆಳಗೆ ಜಾಗ ಬಿಟ್ಟು ಸೀಲಿಂಗ್ ಕೊಡಿಸಿ.

ಇನ್ನೊಂದು, ಗುಂಯ್‌ಗುಡುವುದು. 1895ರಲ್ಲಿ ಹಾರ್ವರ್ಡ್‌ನ ಒಂದು ಹೊಸ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡ್ ಸುಳಿದಾಡುತ್ತಿತ್ತು. ವಾಲೇಸ್ ಸಬೈನ್ ಎಂಬ ಮೇಷ್ಟ್ರು ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಮೆತ್ತೆಗಳನ್ನು ಹೊತ್ತು ತಂದು ಹಾಕಿ ಅಳೆದರು. ಆ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: ಕೋಣೆಯ ಘನ ಅಳತೆ ಮೀಟರಿನಲ್ಲಿ ತೆಗೆದು 0.16ರಿಂದ ಗುಣಿಸಿ, ದನಿ ಹೀರುವ ಒಟ್ಟು ಮೇಲ್ಮೈಯಿಂದ (ಪ್ರತಿ ಮೇಲ್ಮೈ ಎಷ್ಟು ಪಾಲು ದನಿ ಹೀರುತ್ತದೋ ಅಷ್ಟನ್ನು ಮಾತ್ರ ಎಣಿಸಿ) ಭಾಗಿಸಿದರೆ ದನಿ ಎಷ್ಟು ಸೆಕೆಂಡ್ ಸುಳಿದಾಡುತ್ತದೆ ಅಂತ ಸಿಗುತ್ತದೆ. ಮಾತಿಗೆ ಒಂದು ಸೆಕೆಂಡ್ ಹತ್ತಿರ ಇರಲಿ. 18 ಮೀಟರ್ ಉದ್ದ, 12 ಅಗಲ, 6 ಎತ್ತರದ ಹಾಲಿಗೆ ಸುಮಾರು 207 ಚದರ ಮೀಟರ್ ಹೀರುವಿಕೆ ಬೇಕಾಗುತ್ತದೆ. ಕೂತ ಮಕ್ಕಳು ಒಂದಷ್ಟು ಹೀರುತ್ತಾರೆ. ಆದರೆ ತಾಲೀಮಿಗೆ ಹಾಲ್ ಖಾಲಿ ಇರುತ್ತದಲ್ಲ, ಆಗಲೂ ಮಾತು ಸ್ಪಷ್ಟವಾಗಿರಬೇಕು. ಹಿಂದಿನ ಗೋಡೆಗೆ ಮೆತ್ತನೆಯ ಪ್ಯಾನೆಲ್, ಸೀಲಿಂಗಿನ ಸ್ವಲ್ಪ ಭಾಗಕ್ಕೂ ಅದೇ. ಗೋಡೆಗೆ ಗ್ರಾನೈಟ್, ಟೈಲ್ಸ್ ಬೇಡವೇ ಬೇಡ.

ಯಕ್ಷಗಾನ ಕಲಿಸುವವಳು, ಕುಂದಾಪುರ:
ನೆಲದ ಬಗ್ಗೆ ಹೇಳಲೇಬೇಕು. ಕಾಂಕ್ರೀಟ್ ಮೇಲೆ ದಿನಾ ಕುಣಿದರೆ ಮಕ್ಕಳ ಮಂಡಿ, ಕಾಲಿನ ಗಂಟು ಹಾಳಾಗುತ್ತವೆ. ಟೈಲ್ಸ್ ಮೇಲೆ ಬೆವರಿಗೆ ಕಾಲು ಜಾರುತ್ತದೆ. ಮರದ ರೀಪಿನ ಕೆಳಗೆ ರಬ್ಬರ್ ಇಟ್ಟು ಮೇಲೆ ಹಲಗೆ ಹಾಕಿದರೆ ಕಾಲಿನ ಪೆಟ್ಟಿಗೆ ನೆಲ ಸ್ವಲ್ಪ ಬಗ್ಗುತ್ತದೆ. ಹಲಗೆಯಡಿ ಗಾಳಿಯಾಡಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಗೆದ್ದಲು ಹಿಡಿಯುತ್ತದೆ.

ಚೌಕಿಯನ್ನು, ಅಂದರೆ ವೇಷ ಕಟ್ಟುವ ಕೋಣೆಯನ್ನು, ಮೂಲೆಯ ಗೂಡು ಮಾಡಬೇಡಿ. ಬಣ್ಣ, ವೇಷ ಕಟ್ಟುವುದಕ್ಕೆ ತಾಸುಗಟ್ಟಲೆ ಬೇಕು. ಸಾಲಾಗಿ ಕೂರುವಷ್ಟು ಉದ್ದ, ಬೆಳಕು, ಫ್ಯಾನ್, ಮುಖ ತೊಳೆಯಲು ನಲ್ಲಿ ಕೊಡಿ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಅದರೊಳಗೇ ಟಾಯ್ಲೆಟ್ ಇರಲಿ. ಚೌಕಿಯಿಂದ ರಂಗಕ್ಕೆ ಹೋಗುವ ಬಾಗಿಲು ದೊಡ್ಡದಿರಲಿ. ಕಿರೀಟ ಕಟ್ಟಿದವರು ಬಗ್ಗಿ ನುಸುಳುವ ಹಾಗಾಗಬಾರದು.

ಎಲೆಕ್ಟ್ರಿಕ್ ಕಂಟ್ರಾಕ್ಟರ್, ಶಿವಮೊಗ್ಗ:
ಲೈಟ್ ಬಾರ್ (ಲೈಟ್ ತೂಗುಹಾಕುವ ಪೈಪು) ಎಲ್ಲೆಲ್ಲಿ ಬರುತ್ತದೆ, ಎಷ್ಟು ತೂಕ ಹೊರಬೇಕು ಎಂದು ಛಾವಣಿ ಕಟ್ಟುವ ಮೊದಲೇ ಹೇಳಿ. ಲೈಟಿಗೂ ಸೌಂಡಿಗೂ ಲೈನ್ ಬೇರೆ ಎಳೆಸಿ. ಹೊರಬಾಗಿಲು ಎರಡಾದರೂ ಇರಲಿ, ಹೊರಗೇ ತೆರೆಯಲಿ, ಕಾರ್ಯಕ್ರಮದ ಹೊತ್ತಲ್ಲಿ ಬೀಗ ಹಾಕಬೇಡಿ. ಗಾಲಿಕುರ್ಚಿಯ ಮಗುವಿಗೆ ವೇದಿಕೆಯವರೆಗೂ ಇಳಿಜಾರು ದಾರಿ ಬೇಕು. ಅದನ್ನು ಪ್ಲಾನ್‌ನಲ್ಲೇ ಬರೆಸಿ, ಆಮೇಲೆ ಸೇರಿಸಲು ಜಾಗ ಸಿಗುವುದಿಲ್ಲ.

ನಾಟಕದ ಮೇಷ್ಟ್ರು, ಸಾಗರ:
ಕ್ಲಾಸ್‌ರೂಮುಗಳಿಂದ ಈ ಕಟ್ಟಡ ಎಷ್ಟು ದೂರ ಅಂತ ತಿಳಿಸಿ ಸರ್. ಪಕ್ಕದಲ್ಲೇ ಇದ್ದರೆ ಚಂಡೆ ಬಾರಿಸುವ ಹೊತ್ತಿಗೆ ಪಾಠ ನಿಲ್ಲುತ್ತದೆ, ಆಮೇಲೆ ಚಂಡೆಯನ್ನೇ ನಿಲ್ಲಿಸುತ್ತಾರೆ.