ಸಹಾಯ ಬೇಕು: ಹಕ್ಕಿ ಎಣಿಕೆಗೆ ನಿಜ ಹೆಸರು ಹಾಕಬೇಕೇ?

ಮುಂಬೈ ಕನ್ನಡಿಗರಿಗೆ ನಮಸ್ಕಾರ. ಐರೋಲಿಯಲ್ಲಿರುವ ನಾನು ಮೂರು ಚಳಿಗಾಲಗಳಿಂದ, 2022ರಲ್ಲಿ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಎನಿಸಿದ ಠಾಣೆ ಖಾಡಿಯ ಫ್ಲೆಮಿಂಗೊಗಳನ್ನು ಎಣಿಸಿ, ಹಕ್ಕಿ ವೀಕ್ಷಕರು ಕಂಡದ್ದನ್ನು ಬರೆದಿಡುವ ಈಬರ್ಡ್ ಜಾಲತಾಣದಲ್ಲಿ ಸ್ವಂತ ಹೆಸರಿನಲ್ಲೇ ದಾಖಲಿಸುತ್ತಿದ್ದೇನೆ. ಅಲ್ಲಿ ಸೇರಿಸುವ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಜಾಗ, ದಿನ, ಗಂಟೆ ಎಲ್ಲವೂ ಉಳಿದವರಿಗೆ ಕಾಣುತ್ತವೆ. ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ದಂಡೆಯಲ್ಲಿ ಅಪರಿಚಿತರೊಬ್ಬರು ನನ್ನ ಹೆಸರು ಹಿಡಿದು ಕರೆದು, “ಇವತ್ತೂ ಒಬ್ಬರೇ ಬಂದಿರಾ?” ಎಂದು ಕೇಳಿದಾಗ ಕೈಯಲ್ಲಿದ್ದ ದುರ್ಬೀನು ನಡುಗಿತು.

ಹೆಸರು ಮರೆಮಾಡುವ ಆಯ್ಕೆ ಈಬರ್ಡ್‌ನಲ್ಲಿದೆ. ಆದರೆ ಅಪರೂಪದ ಹಕ್ಕಿಯನ್ನು ಕಂಡವರು ಯಾರೆಂದೇ ತಿಳಿಯದಿದ್ದರೆ ಉಳಿದ ವೀಕ್ಷಕರು ನಂಬುವುದು ಕಷ್ಟ, ಅದು ನ್ಯಾಯವೂ ಹೌದು. (ಕವಿಗಳಿಗೆ ಒಪ್ಪುವ ಕಾವ್ಯನಾಮ ಹಕ್ಕಿ ಎಣಿಸುವವರಿಗೆ ಒಪ್ಪದೇನೋ!) ಹೆಸರನ್ನು ಉಳಿಸಿಕೊಂಡು, ಪಟ್ಟಿಯನ್ನು ಕೆಲವು ದಿನ ತಡವಾಗಿ ಸೇರಿಸಿದರೆ ಸಾಕೇ? ಹೆಸರು ಮರೆಮಾಡಿಕೊಂಡೇ ದಾಖಲಿಸುತ್ತಿರುವವರು ಇಲ್ಲಿದ್ದರೆ, ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.